ಕಿವಿ ಹಿಡಿಯೋದಾ, ಬಸ್ಕಿ ಹೊಡೆಯೋದಾ?

ಹೋದ ವರ್ಷ ಗೌರಿ ಹಬ್ಬಕ್ಕೆ ಊರಿಗೆ ಹೋದಾಗ ದೊಡ್ಡಮ್ಮನ ಕಿವಿ ನೋಡಿ ಏನೋ ಗಾಯ ಆಗಿದೆ ಅಂದುಕೊಂಡೆ. ಓಲೆಯ ಮೇಲ್ಗಡೆ, ಕಿವಿಯ ಮಡಿಕೆಗಳ ಒಳಗೆಲ್ಲ ಮೈಬಣ್ಣದ ಪ್ಲಾಸ್ಟರಿನ ಪುಟ್ಟ ಪುಟ್ಟ ಚೌಕಗಳು. ಹತ್ತಿರ ಹೋಗಿ ನೋಡಿದರೆ ಒಂದೊಂದರ ನಡುವೆ ಸಾಸಿವೆ ಕಾಳಿನಷ್ಟು ಉಬ್ಬು. ಕೈ ಹಾಕಲು ಹೋದೆ. "ಮುಟ್ಬೇಡ ಕಣೇ, ಬೀಜ ಬಿದ್ದೋಗುತ್ತೆ" ಅಂತ ಕೈಗೊಂದು ಏಟು ಬಿತ್ತು.

ದೊಡ್ಡಮ್ಮನಿಗೆ 74 ವರ್ಷ. ಅದಕ್ಕೆ ಆರು ತಿಂಗಳ ಹಿಂದೆ ಬಚ್ಚಲಲ್ಲಿ ಆಯ ತಪ್ಪಿ ಬಿದ್ದಿದ್ದರು. ಪುಣ್ಯಕ್ಕೆ ಮೂಳೆಗೇನೂ ಆಗಲಿಲ್ಲ, ಆದರೆ ಅವತ್ತಿನಿಂದ ಗೋಡೆ ಬಿಟ್ಟು ನಡೆಯೋದು ನಿಂತುಹೋಗಿತ್ತು. ಅಣ್ಣ ಒಬ್ಬ ಫಿಸಿಯೋಥೆರಪಿಸ್ಟ್ ಹತ್ತಿರ ಕರೆದುಕೊಂಡು ಹೋದ. ಅದೇ ತಿಂಗಳು ಪಕ್ಕದ ಮನೆಯವರು ಕಿವಿಗೆ ಅಕ್ಯುಪಂಕ್ಚರ್ (ಕಿವಿಯ ಒಂದೊಂದು ಬಿಂದುವೂ ಮೈಯ ಒಂದೊಂದು ಭಾಗಕ್ಕೆ ಸೇರಿದ್ದು ಅಂತ ಅಲ್ಲಿ ಸೂಜಿ ಚುಚ್ಚೋದು, ಇಲ್ಲವೇ ಬೀಜ ಅಂಟಿಸಿ ಒತ್ತೋದು) ಮಾಡುವ ಒಂದು ಕಡೆಗೂ ಕರೆದುಕೊಂಡು ಹೋದರು. ಈಗ ದೊಡ್ಡಮ್ಮ ಯಾರನ್ನೂ ಹಿಡಿದುಕೊಳ್ಳದೆ ಗಣಪತಿ ಗುಡಿಗೆ ಹೋಗಿ ಬರುತ್ತಾರೆ. "ಬೀಜ ಹಾಕಿಸ್ಕೊಂಡ ಮೇಲೇನೇ ಕಾಲು ನೆಲಕ್ಕೆ ಊರ್ತಿರೋದು" ಅನ್ನೋದು ಅವರ ಮಾತು. ದಿನಾ ಬೆಳಿಗ್ಗೆ ಕುರ್ಚಿಯಿಂದ ಹತ್ತು ಸಲ ಎದ್ದು ಕೂರುತ್ತಾರಲ್ಲ, ಅದಕ್ಕೆ ಅವರ ಲೆಕ್ಕದಲ್ಲಿ ಒಂದು ಅಂಕವೂ ಇಲ್ಲ.

ಹಾಗಾದರೆ ಕೆಲಸ ಮಾಡಿದ್ದು ಯಾವುದು? ಸುಮ್ನೆ ತಮಾಷೆಗೆ ಕೇಳಿದ ಪ್ರಶ್ನೆ ಅಲ್ಲ ಇದು. ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 6,84,000 ಜನ ಬಿದ್ದು ಸಾಯುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಹೀಗೆ ಸಾಯುವವರಲ್ಲಿ ಅರವತ್ತು ದಾಟಿದವರೇ ಜಾಸ್ತಿ. ಹಾಗಾಗಿ ಇರುವ ದುಡ್ಡು, ಸಮಯ, ಮೈಯ ಶಕ್ತಿ ಇವನ್ನೆಲ್ಲ ಎಲ್ಲಿಗೆ ಹಾಕಬೇಕು ಅನ್ನೋದು ಗೊತ್ತಿರಬೇಕಲ್ವಾ?

ಮೊದಲು ಕಿವಿಯ ಕಥೆ. ಇದನ್ನು ಎಲ್ಲರೂ "ಸಾವಿರಾರು ವರ್ಷದ ಚೀನಾ ವಿದ್ಯೆ" ಅನ್ನುತ್ತಾರೆ. ಅರ್ಧ ನಿಜ. ಚೀನಾದ ಹಳೆಯ ವೈದ್ಯದಲ್ಲಿ ಕಿವಿಯ ಮಾತು ಬರುತ್ತದೆ. ಆದರೆ ಇವತ್ತು ಗೋಡೆಯ ಮೇಲೆ ನೇತುಹಾಕಿರುತ್ತಾರಲ್ಲ, ಕಿವಿಯೊಳಗೆ ಇಡೀ ಮೈ ಬಿಡಿಸಿದ ಆ ಪಟ, ಅದು ಹುಟ್ಟಿದ್ದು ಫ್ರಾನ್ಸಿನಲ್ಲಿ. ಲಿಯೋನ್ ಊರಿನಲ್ಲಿ ಪಾಲ್ ನೋಜಿಯೇ ಎಂಬ ವೈದ್ಯರಿದ್ದರು. 1950ರ ಆಸುಪಾಸಿನಲ್ಲಿ ಅವರ ಹತ್ತಿರ ಬಂದ ಕೆಲವು ರೋಗಿಗಳ ಕಿವಿಯಲ್ಲಿ, ಒಂದೇ ಜಾಗದಲ್ಲಿ, ಸುಟ್ಟ ಕಲೆ ಇತ್ತು. ವಿಚಾರಿಸಿದರೆ, ಸೊಂಟದಿಂದ ಕಾಲಿಗೆ ಎಳೆಯುವ ಸಯಾಟಿಕಾ ನೋವಿಗೆ ನಾಟಿ ಚಿಕಿತ್ಸೆ ಮಾಡುವ ಹೆಂಗಸೊಬ್ಬರು ಅಲ್ಲಿ ಬರೆ ಹಾಕಿದ್ದರಂತೆ. ನಮ್ಮ ಹಳ್ಳಿಗಳಲ್ಲಿ ಕಾಮಾಲೆಗೆ ಕೈಮೇಲೆ ಬರೆ ಹಾಕುತ್ತಿದ್ದರಲ್ಲ, ಅದೇ ಜಾತಿಯದು. ನೋಜಿಯೇ ಅದನ್ನು ಹಿಡಿದು ಯೋಚಿಸುತ್ತಾ ಹೋದರು. ಕಿವಿಯನ್ನು ನೋಡಿದರೆ ಹೊಟ್ಟೆಯಲ್ಲಿ ತಲೆಕೆಳಗಾಗಿ ಮಲಗಿರುವ ಮಗುವಿನ ಹಾಗೆ ಕಾಣುತ್ತದೆ, ಕೆಳಗಿನ ಹಾಲೆ ತಲೆ, ಮೇಲಿನ ಅಂಚಿನ ಕಡೆ ಕೈಕಾಲು, ಒಳಗಿನ ಏಣು ಬೆನ್ನುಮೂಳೆ ಎಂದರು. 1957ರಲ್ಲಿ ಅದು ಅಚ್ಚಾಯಿತು. ಚೀನಾದವರು ಅದನ್ನು ಓದಿ, ತಮ್ಮದೇ ರೀತಿಯಲ್ಲಿ ಪರೀಕ್ಷೆ ಮಾಡಿ, ತಮ್ಮ ಬಿಂದುಗಳನ್ನೂ ಸೇರಿಸಿಕೊಂಡರು. ಬಿಂದುಗಳ ಹೆಸರಿನ ಗೊಂದಲ ಬಗೆಹರಿಸೋಕೆ 1990ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದೇ ಲಿಯೋನಿನಲ್ಲಿ ಸಭೆ ಕರೆದಿತ್ತು. ಅಲ್ಲಿ ನಡೆದದ್ದು ಹೆಸರಿಡುವ ಕೆಲಸ. "ವಿಶ್ವ ಆರೋಗ್ಯ ಸಂಸ್ಥೆಯೇ ಒಪ್ಪಿದೆ" ಅಂತ ಕೆಲವರು ಬೋರ್ಡು ಹಾಕುತ್ತಾರಲ್ಲ, ಅಲ್ಲಿ ಸ್ವಲ್ಪ ಎಚ್ಚರ.

ದೊಡ್ಡಮ್ಮನ ಕಿವಿಯಲ್ಲಿದ್ದದ್ದು ಸೂಜಿ ಅಲ್ಲ. ವಕೇರಿಯಾ ಅನ್ನುವ ಗಿಡದ ಕಪ್ಪು ಬೀಜ. ಅದನ್ನು ಪ್ಲಾಸ್ಟರಿನಲ್ಲಿ ಅಂಟಿಸಿ ಕೆಲವು ದಿನ ಬಿಡುತ್ತಾರೆ, ದಿನಕ್ಕೆ ಮೂರ್ನಾಲ್ಕು ಸಲ ನಾವೇ ಬೆರಳಲ್ಲಿ ಒತ್ತಿಕೊಳ್ಳಬೇಕು. ವಯಸ್ಸಾದವರಿಗೆ ಚುಚ್ಚುವುದಕ್ಕಿಂತ ಇದು ಸಲೀಸು ಅಂತ ಹೆಚ್ಚಾಗಿ ಇದನ್ನೇ ಬಳಸುತ್ತಾರೆ.

ಇಲ್ಲಿ ಒಂದು ಗೊಂದಲವನ್ನು ಮೊದಲೇ ಬಿಡಿಸಬೇಕು, ಯಾಕೆಂದರೆ ಓದಿದವರೂ ಇದರಲ್ಲಿ ಸಿಕ್ಕಿಬೀಳುತ್ತಾರೆ. "ದೇಹದ ಸಮತೋಲನ ಇರೋದೇ ಕಿವಿಯಲ್ಲಿ, ಹಾಗಾಗಿ ಕಿವಿಗೆ ಚಿಕಿತ್ಸೆ ಮಾಡಿದರೆ ಸಮತೋಲನ ಸರಿಹೋಗುತ್ತೆ." ಕೇಳೋಕೆ ಸರಿಯಾಗೇ ಇದೆ. ಆದರೆ ಸಮತೋಲನದ ಅಂಗ ಇರೋದು ಒಳಕಿವಿಯಲ್ಲಿ, ತಲೆಬುರುಡೆಯ ಗಟ್ಟಿ ಮೂಳೆಯ ಒಳಗೆ. ಅಲ್ಲಿ ಬಟಾಣಿಗಿಂತ ಸ್ವಲ್ಪ ದೊಡ್ಡ ಜಾಗದಲ್ಲಿ ನೀರು ತುಂಬಿದ ಮೂರು ಅರ್ಧವೃತ್ತದ ಕೊಳವೆಗಳು, ಎರಡು ಚೀಲಗಳು. ತಲೆ ತಿರುಗಿಸಿದರೆ ಕೊಳವೆಯ ನೀರು ಅಲುಗುತ್ತದೆ. ಬಗ್ಗಿದರೆ ಚೀಲದೊಳಗಿನ ಸುಣ್ಣದ ಹರಳುಗಳು ಜಗ್ಗುತ್ತವೆ. ಆ ಸುದ್ದಿಯನ್ನು ಮಿದುಳಿಗೆ ಒಯ್ಯೋಕೆ ಅದರದ್ದೇ ನರ ಇದೆ. ನಾವು ಓಲೆ ಹಾಕುವ, ಮೇಷ್ಟ್ರು ಹಿಂಡುತ್ತಿದ್ದ ಹೊರಕಿವಿಗೆ ಬರುವ ನರಗಳೇ ಬೇರೆ. ಎರಡಕ್ಕೂ ಹೆಸರು ಒಂದೇ ಆದ ಮಾತ್ರಕ್ಕೆ ಒಂದೇ ತಂತಿ ಅಲ್ಲ.

ಹಾಗಂತ ಹೊರಕಿವಿ ಬರೀ ತೊಗಲು, ಮೆದುಮೂಳೆ ಅಂತ ತಳ್ಳಿಹಾಕೋಕೂ ಆಗಲ್ಲ. ಕಿವಿಗೆ ಕಡ್ಡಿ ಹಾಕಿದಾಗ ಒಂದೊಂದು ಸಲ ಇದ್ದಕ್ಕಿದ್ದಂತೆ ಕೆಮ್ಮು ಬರುತ್ತಲ್ಲ, ಗಮನಿಸಿದ್ದೀರಾ? (ಕಡ್ಡಿ ಹಾಕಬಾರದು, ಅದು ಬೇರೆ ಮಾತು.) ಹೃದಯ, ಶ್ವಾಸಕೋಶ, ಹೊಟ್ಟೆಯವರೆಗೆ ಹೋಗುವ ವೇಗಸ್ ನರದ ಒಂದು ಚಿಕ್ಕ ಕವಲು ಕಿವಿಯ ಕುಳಿಗೂ ಬರುತ್ತದೆ. ಅದನ್ನು ಕೆಣಕಿದರೆ ಗಂಟಲನ್ನು ಕೆಣಕಿದ ಹಾಗೆ ಆಗಿ ಕೆಮ್ಮು ಬರುತ್ತದೆ. ಜರ್ಮನಿಯ ಅಂಗರಚನಾ ತಜ್ಞ ಆರ್ನಾಲ್ಡ್ 19ನೇ ಶತಮಾನದಲ್ಲೇ ಇದನ್ನು ಬರೆದಿಟ್ಟರು, ಆ ಕವಲಿಗೆ ಅವರದೇ ಹೆಸರು. ಈಗ ಈ ಜಾಗಕ್ಕೆ ಸಣ್ಣ ಕರೆಂಟು ಕೊಟ್ಟು ಬೇರೆ ಬೇರೆ ಕಾಯಿಲೆಗಳಲ್ಲಿ ಏನಾಗುತ್ತೆ ಅಂತ ನೋಡುತ್ತಿದ್ದಾರೆ. ಅಂದರೆ ಕಿವಿಯಿಂದ ಮಿದುಳಿಗೆ ದಾರಿ ಇದೆ. ಆದರೆ ಆ ದಾರಿ ನೇರವಾಗಿ "ಬೀಳದೆ ನಿಲ್ಲು" ಅನ್ನುವ ಜಾಗಕ್ಕೆ ಹೋಗುತ್ತೆ ಅನ್ನೋಕೆ ಇದು ಸಾಲದು.

ಸರಿ, ನಾವು ಬೀಳದೆ ನಿಲ್ಲೋದಾದರೂ ಹೇಗೆ? ಮೂರು ಕಡೆಯಿಂದ ಸುದ್ದಿ ಬರುತ್ತಲೇ ಇರುತ್ತದೆ. ಒಂದು ಒಳಕಿವಿ. ಇನ್ನೊಂದು ಕಣ್ಣು. ಮೂರನೆಯದನ್ನು ಎಲ್ಲರೂ ಮರೆಯುತ್ತಾರೆ, ಅದು ಅಂಗಾಲು, ಹರಡು (ಪಾದದ ಗಂಟು), ಮಂಡಿ, ಕತ್ತಿನ ಕೀಲುಗಳಿಂದ ಬರುವ ಸುದ್ದಿ. ಕತ್ತಲಲ್ಲಿ ಮೆಟ್ಟಿಲು ಇಳಿಯುವಾಗ ಕಾಲೇ ನೆಲವನ್ನು ಹುಡುಕುತ್ತದಲ್ಲ, ಅದು. ಮಿದುಳು ಈ ಮೂರನ್ನೂ ತಾಳೆ ನೋಡಿ, ಕಣ್ಣು ಮಿಟುಕಿಸುವಷ್ಟರಲ್ಲಿ ಸ್ನಾಯುಗಳಿಗೆ ಅಪ್ಪಣೆ ಕೊಡುತ್ತದೆ. ಒಂದು ಕೈಕೊಟ್ಟರೆ ಉಳಿದೆರಡು ನಿಭಾಯಿಸುತ್ತವೆ. ಎರಡು ಕೈಕೊಟ್ಟರೆ ಬಿದ್ದ ಹಾಗೇ.

ಬಚ್ಚಲಲ್ಲಿ ಬೀಳೋದು ಯಾಕೆ ಅಂತ ಈಗ ನೋಡಿ. ನೆಲ ಒದ್ದೆ ಅನ್ನೋದು ಒಂದು ಕಾರಣ ಅಷ್ಟೇ. ಮುಖಕ್ಕೆ ಸೋಪು ಹಚ್ಚಿದಾಗ ಕಣ್ಣು ಮುಚ್ಚುತ್ತೀರಿ. ಅಲ್ಲಿಗೆ ಒಂದು ಸುದ್ದಿ ಬಂದ್. ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆ ಇದ್ದರೆ ಅಂಗಾಲಿನ ನರ ಅಷ್ಟರಲ್ಲೇ ಮಂಕಾಗಿರಬಹುದು. ಅದು ಎರಡನೇದು. ತಂಬಿಗೆಗೆ ಬಗ್ಗಿ ಎದ್ದಾಗ ತಲೆಯ ಕೋನ ಬದಲಾಯಿತು, ವಯಸ್ಸಾದ ಒಳಕಿವಿ ಅದನ್ನು ನಿಧಾನವಾಗಿ ತಿಳಿಸಿತು. ಮುಗೀತು. 1840ರ ದಶಕದಲ್ಲಿ ಬರ್ಲಿನ್ನಿನ ವೈದ್ಯ ರೋಂಬರ್ಗ್ ಗುರುತಿಸಿದ್ದೂ ಇದನ್ನೇ. ಬೆನ್ನುಹುರಿ ಕೆಟ್ಟ ಕೆಲವು ರೋಗಿಗಳು ಕಣ್ಣು ಬಿಟ್ಟಿರುವವರೆಗೆ ನೆಟ್ಟಗೆ ನಿಂತಿರುತ್ತಿದ್ದರು, ಮುಚ್ಚಿದ ಕೂಡಲೇ ತೂಗಾಡುತ್ತಿದ್ದರು. ಇವತ್ತಿಗೂ ನರರೋಗ ವೈದ್ಯರು ಪಾದ ಜೋಡಿಸಿ ಕಣ್ಣು ಮುಚ್ಚಿ ನಿಲ್ಲಿ ಅಂತ ಹೇಳುವುದು ಆ ಪರೀಕ್ಷೆಗೇ.

ಇದಕ್ಕೆ ತೊಡೆಯ ಬಲ ಸೇರಿಸಿ. ಎಡವಿದಾಗ ಕಾಲನ್ನು ಸಟ್ಟನೆ ಮುಂದಿಡಬೇಕು, ವಯಸ್ಸಾದಂತೆ ಮೊದಲು ಸವೆಯೋದು ಆ ಸಟ್ಟನೆ ಕೆಲಸ ಮಾಡುವ ಸ್ನಾಯುವಿನ ಎಳೆಗಳೇ. ಆಮೇಲೆ ಹೆದರಿಕೆ. ಒಂದು ಸಲ ಬಿದ್ದವರು ನಡೆಯೋದು ಕಡಿಮೆ ಮಾಡುತ್ತಾರೆ, ನಡೆಯದೆ ಕಾಲು ಸೋಲುತ್ತದೆ, ಕಾಲು ಸೋತು ಇನ್ನೊಂದು ಸಲ ಬೀಳುತ್ತಾರೆ. ಮನೆಯವರು ಪ್ರೀತಿಯಿಂದ "ನೀವು ಏಳಬೇಡಿ, ಕೂತಿರಿ, ನಾನೇ ತಂದುಕೊಡ್ತೀನಿ" ಅಂದಷ್ಟೂ ಇದು ಬೇಗ ನಡೆಯುತ್ತದೆ.

ಈಗ ವ್ಯಾಯಾಮದ ಪುರಾವೆಗೆ ಬರೋಣ. ಇಲ್ಲಿ ನನಗೆ ತಡವರಿಸುವ ಅಗತ್ಯವೇ ಕಾಣಲ್ಲ. ಕಾಕ್ರೇನ್ ಅನ್ನುವ ಸಂಸ್ಥೆ ಪ್ರಪಂಚದ ವೈದ್ಯಕೀಯ ಪರೀಕ್ಷೆಗಳನ್ನೆಲ್ಲ ಒಟ್ಟು ಹಾಕಿ ಜರಡಿ ಹಿಡಿಯುತ್ತದೆ. 2019ರಲ್ಲಿ ಅವರು 108 ಪರೀಕ್ಷೆಗಳನ್ನು, 23,407 ಹಿರಿಯರ ಲೆಕ್ಕವನ್ನು ಸೇರಿಸಿ ನೋಡಿದರು. ವ್ಯಾಯಾಮ ಮಾಡಿದವರಲ್ಲಿ ಬೀಳುವ ಪ್ರಮಾಣ ಶೇ. 23ರಷ್ಟು ಕಡಿಮೆ. ಸಾವಿರ ಜನರಲ್ಲಿ ವರ್ಷಕ್ಕೆ 850 ಸಲ ಬೀಳೋದು ನಡೆಯುತ್ತಿದ್ದರೆ ಅದರಲ್ಲಿ ಸುಮಾರು 195 ನಡೆಯೋದೇ ಇಲ್ಲ. ಸಮತೋಲನದ ಜೊತೆಗೆ ಕಾಲಿಗೆ ಬಲ ಕೊಡುವ ವ್ಯಾಯಾಮವನ್ನೂ ಸೇರಿಸಿದರೆ ಲಾಭ ಇನ್ನೂ ಹೆಚ್ಚು, ಸುಮಾರು ಶೇ. 34. ಬರೀ ವಾಕಿಂಗಿನ ಬಗ್ಗೆ ಮಾತ್ರ ಅವರು ಗಟ್ಟಿಯಾಗಿ ಏನೂ ಹೇಳಲಿಲ್ಲ. ಪಾರ್ಕಿನಲ್ಲಿ ನಾಲ್ಕು ಸುತ್ತು ಹಾಕಿ "ನನ್ನ ವ್ಯಾಯಾಮ ಆಯ್ತು" ಅನ್ನುವ ನಮ್ಮ ಮಾವಂದಿರಿಗೆ ಇದನ್ನು ಹೇಳಿದರೆ ಸಿಟ್ಟು ಬರುತ್ತದೆ. ವಾಕಿಂಗ್ ಹೃದಯಕ್ಕೆ, ಸಕ್ಕರೆ ಕಾಯಿಲೆಗೆ ಒಳ್ಳೆಯದು, ಬಿಡಬೇಡಿ. ಆದರೆ ಬೀಳದಿರೋಕೆ ಬೇರೆ ಪಾಠ ಬೇಕು.

ಆ ಪಾಠದ ಗುಟ್ಟು ಇಷ್ಟೇ: ವ್ಯಾಯಾಮ ಸ್ವಲ್ಪ ತೂಗಾಡಿಸಬೇಕು. ನ್ಯೂಜಿಲೆಂಡಿನ ಒಟಾಗೋ ವಿಶ್ವವಿದ್ಯಾಲಯದವರು 1990ರ ದಶಕದಲ್ಲಿ 80 ದಾಟಿದ ಅಜ್ಜಿಯರಿಗೆ ಮನೆಯಲ್ಲೇ ಮಾಡುವ ಒಂದು ಕ್ರಮ ಕಟ್ಟಿದರು. ಹರಡಿಗೆ ತೂಕ ಕಟ್ಟಿಕೊಂಡು ಕಾಲೆತ್ತೋದು, ಹಿಮ್ಮಡಿ ಮೇಲೆ ನಡೆಯೋದು, ಹಿಂದಕ್ಕೆ ನಡೆಯೋದು, ಅಡ್ಡ ಹೆಜ್ಜೆ, ಕುರ್ಚಿಯಿಂದ ಏಳೋದು. ಮೊದಲು ಕಟ್ಟೆ ಹಿಡಿದು, ಆಮೇಲೆ ಒಂದು ಕೈ, ಆಮೇಲೆ ಬೆರಳ ತುದಿ, ಕೊನೆಗೆ ಕೈಬಿಟ್ಟು. ವಾರಕ್ಕೆ ಮೂರು ದಿನ, ಅರ್ಧ ಗಂಟೆ. ಅಮೆರಿಕದಲ್ಲಿ 70 ದಾಟಿದ 670 ಜನರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಹಿರಿಯರ ಸಮತೋಲನಕ್ಕೆಂದೇ ಹೊಂದಿಸಿದ ತೈಚಿ (ಚೀನಾದ ನಿಧಾನ ಚಲನೆಯ ಕಸರತ್ತು) ಮಾಡಿದವರು, ಬರೀ ಮೈ ಎಳೆಯುವ ವ್ಯಾಯಾಮ ಮಾಡಿದವರಿಗಿಂತ ಶೇ. 58ರಷ್ಟು ಕಡಿಮೆ ಬಿದ್ದರು. ತೈಚಿಯಲ್ಲಿ ಮಂತ್ರ ಏನಿಲ್ಲ. ಮೈಯ ಭಾರವನ್ನು ಒಂದು ಕಾಲಿಂದ ಇನ್ನೊಂದಕ್ಕೆ ನಿಧಾನವಾಗಿ ದಾಟಿಸುತ್ತಾ ಹೋಗೋದು, ಅದನ್ನೇ ನೂರಾರು ಸಲ.

ಕಿವಿಯ ಬೀಜಕ್ಕೆ ಇಷ್ಟು ದೊಡ್ಡ ಪುರಾವೆ ಇಲ್ಲ. ನೋವು, ನಿದ್ದೆ, ಆಪರೇಷನ್ನಿಗೆ ಮುಂಚಿನ ಆತಂಕ, ಇಂಥವಕ್ಕೆ ಸ್ವಲ್ಪ ಅನುಕೂಲ ಕಂಡ ಪರೀಕ್ಷೆಗಳಿವೆ, ಹೆಚ್ಚಿನವು ಸಣ್ಣವು. ಸಣ್ಣ ಪರೀಕ್ಷೆಯನ್ನು ಯಾಕೆ ನಂಬಿ ಕೂರಬಾರದು ಅನ್ನೋಕೆ ಕಿವಿ ಅಕ್ಯುಪಂಕ್ಚರಿನ ಚರಿತ್ರೆಯಲ್ಲೇ ಒಂದು ಒಳ್ಳೆಯ ಕಥೆ ಇದೆ. ಅಮೆರಿಕದಲ್ಲಿ 1970ರ ದಶಕದಿಂದ ಮಾದಕ ವಸ್ತುವಿನ ಚಟ ಬಿಡಿಸೋಕೆ ಕಿವಿಗೆ ಸೂಜಿ ಹಾಕುವ ರೂಢಿ ಬೆಳೆಯಿತು. 2000ದಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಯೇಲ್ ವಿಶ್ವವಿದ್ಯಾಲಯದವರು ಕೊಕೇನ್ ಚಟದ 82 ಜನರನ್ನು ಮೂರು ಗುಂಪು ಮಾಡಿದರು. ಒಂದಕ್ಕೆ ಸರಿಯಾದ ಬಿಂದುಗಳಲ್ಲಿ ಸೂಜಿ, ಇನ್ನೊಂದಕ್ಕೆ ಕಿವಿಯಲ್ಲೇ ಬೇರೆ ಜಾಗದಲ್ಲಿ ಸೂಜಿ, ಮೂರನೆಯದಕ್ಕೆ ಮನಸ್ಸು ಹಗುರಾಗುವಂಥ ವಿಡಿಯೊ. ಸರಿಯಾದ ಬಿಂದುವಿನವರೇ ಗೆದ್ದರು. ಎಲ್ಲರಿಗೂ ಖುಷಿ. ಅದೇ ಬಗೆಯ ಪರೀಕ್ಷೆಯನ್ನು ಬೇರೆ ಬೇರೆ ಊರುಗಳಲ್ಲಿ 620 ಜನರ ಮೇಲೆ ಮಾಡಿದ್ದರ ಫಲಿತಾಂಶ 2002ರಲ್ಲಿ ಹೊರಬಂತು. ಮೂರೂ ಗುಂಪು ಒಂದೇ ಸಮ. ವ್ಯತ್ಯಾಸ ಮಾಯ.

ಮೋಸ ಯಾರೂ ಮಾಡಿಲ್ಲ. ಜನ ಕಡಿಮೆ ಇದ್ದಾಗ ಅದೃಷ್ಟದ ಆಟ ಜಾಸ್ತಿ, ಅಷ್ಟೇ. ನಾಣ್ಯ ಹತ್ತು ಸಲ ಚಿಮ್ಮಿದರೆ ಏಳು ಸಲ ತಲೆ ಬೀಳಬಹುದು, ಸಾವಿರ ಸಲ ಚಿಮ್ಮಿದರೆ ಏಳುನೂರು ಬೀಳಲ್ಲ.

ಬೀಜ ಮತ್ತು ವ್ಯಾಯಾಮ ಎರಡನ್ನೂ ಸೇರಿಸಿದಾಗ ಲೆಕ್ಕ ಇನ್ನೂ ತೊಡಕು. ಒಂದು ಗುಂಪಿಗೆ ಎರಡೂ ಕೊಟ್ಟು, ಇನ್ನೊಂದಕ್ಕೆ ಏನೂ ಕೊಡದೆ, "ನೋಡಿ, ಸಮತೋಲನ ಸುಧಾರಿಸಿತು" ಅಂದರೆ ಅದರಿಂದ ಕಿವಿಯ ಬಗ್ಗೆ ಏನೂ ತಿಳಿಯಲ್ಲ. ಸಾರಿನಲ್ಲಿ ಬೇಳೆಯೂ ಇದೆ, ಕರಿಬೇವೂ ಇದೆ, ಹೊಟ್ಟೆ ತುಂಬಿದ್ದು ಯಾವುದರಿಂದ? ಸರಿಯಾಗಿ ನೋಡಬೇಕೆಂದರೆ ಎಲ್ಲರಿಗೂ ಒಂದೇ ವ್ಯಾಯಾಮ ಮಾಡಿಸಬೇಕು, ಅರ್ಧ ಜನಕ್ಕೆ ಹೇಳಿದ ಬಿಂದುವಿನಲ್ಲಿ, ಇನ್ನರ್ಧಕ್ಕೆ ಬೇರೆ ಜಾಗದಲ್ಲಿ ಬೀಜ ಅಂಟಿಸಬೇಕು, ತಮ್ಮದು ಯಾವ ಗುಂಪು ಅಂತ ಅವರಿಗೂ ಗೊತ್ತಿರಬಾರದು, ಅವರು ಒಂಟಿ ಕಾಲಲ್ಲಿ ಎಷ್ಟು ಹೊತ್ತು ನಿಂತರು ಅಂತ ಗಡಿಯಾರ ಹಿಡಿದು ನೋಡುವವರಿಗೂ ಗೊತ್ತಿರಬಾರದು. ಇಷ್ಟೆಲ್ಲ ಮಾಡಿದರೂ ಒಂದು ಪೇಚು ಉಳಿಯುತ್ತದೆ. ಕಿವಿಯೇ ಅಂಗೈಗಿಂತ ಚಿಕ್ಕದು. "ತಪ್ಪು" ಬಿಂದು ಅನ್ನೋದು ಸರಿಯಾದ ಬಿಂದುವಿನಿಂದ ಕೆಲವೇ ಮಿಲಿಮೀಟರ್ ದೂರ, ಎರಡಕ್ಕೂ ಅದೇ ನರ ಇರಬಹುದು.

ದೊಡ್ಡಮ್ಮನ ವಿಷಯದಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಅವರು ಎರಡೂ ಕಡೆ ಹೋಗಿದ್ದು ತೀರಾ ಸೋತಿದ್ದ ಹೊತ್ತಿನಲ್ಲಿ. ಅಲ್ಲಿಂದ ಮುಂದೆ ತಾನಾಗೇ ಚೂರು ಚೇತರಿಕೆ ಆಗೋದು ಸಾಮಾನ್ಯ. ನೆಗಡಿಗೆ ಔಷಧಿ ತಗೊಂಡರೆ ಏಳು ದಿನ, ತಗೊಳ್ಳದಿದ್ದರೆ ಒಂದು ವಾರ ಅನ್ನುತ್ತಾರಲ್ಲ, ಹಾಗೆ.

ಆದರೂ ಬೀಜದಿಂದ ಅವರಿಗೆ ಏನೂ ಆಗಿಲ್ಲ ಅಂತ ನಾನು ಹೇಳಲಾರೆ. ಅವರ ಮಂಡಿನೋವು ಸ್ವಲ್ಪ ಇಳಿದಿತ್ತು. ನೋವು ಇಳಿದರೆ ಹತ್ತು ಸಲ ಏಳುವವರು ಹನ್ನೆರಡು ಸಲ ಏಳುತ್ತಾರೆ. "ನನಗೆ ಚಿಕಿತ್ಸೆ ನಡೀತಿದೆ" ಅನ್ನೋ ಧೈರ್ಯಕ್ಕೆ ಗೋಡೆ ಬಿಡುತ್ತಾರೆ. ನಿದ್ದೆ ಮಾತ್ರೆಯಿಂದ ರಾತ್ರಿ ತೂಕಡಿಸಿ ಬೀಳುವವರು ಎಷ್ಟೋ ಜನ, ಕಿವಿ ಒತ್ತಿಕೊಂಡು ನಿದ್ದೆ ಬಂದು ಡಾಕ್ಟರ ಒಪ್ಪಿಗೆಯಿಂದ ಮಾತ್ರೆ ಕಡಿಮೆಯಾದರೆ ಅದೂ ಲಾಭವೇ. ಹೀಗೆ ಬಳಸುದಾರಿಯಲ್ಲಿ ಸಹಾಯ ಆಗಬಹುದು. ಆದರೆ ಕೊನೆಗೆ ತೊಡೆಗೆ ಬಲ ಬರಬೇಕಾದರೆ ತೊಡೆಯೇ ಕೆಲಸ ಮಾಡಬೇಕು.

ನಮ್ಮಲ್ಲಿ ಈ ಎರಡನ್ನೂ ಒಟ್ಟಿಗೆ ಮಾಡುವ ಒಂದು ಪದ್ಧತಿ ಮೊದಲಿಂದಲೂ ಇದೆ, ಗೊತ್ತಲ್ಲ? ಗಣಪತಿ ಮುಂದೆ ಕೈ ಅಡ್ಡಹಾಕಿ, ಎಡಗೈಲಿ ಬಲಗಿವಿ, ಬಲಗೈಲಿ ಎಡಗಿವಿ ಹಿಡಿದು ಬಸ್ಕಿ. ಶಾಲೆಯಲ್ಲಿ ಲೆಕ್ಕ ತಪ್ಪಿದರೂ ಅದೇ ಶಿಕ್ಷೆ. ಇದಕ್ಕೆ "ಸೂಪರ್ ಬ್ರೇನ್ ಯೋಗ" ಅಂತ ಹೆಸರಿಟ್ಟು, ಕಿವಿಯ ಹಾಲೆ ಒತ್ತಿದರೆ ಮಿದುಳು ಚುರುಕಾಗುತ್ತೆ ಅಂತ ವಿಡಿಯೊಗಳು ಓಡಾಡುತ್ತವೆ. ಎಲ್ಲರೂ ಕಿವಿಯನ್ನೇ ಹೊಗಳುತ್ತಾರೆ. ಪಾಪ, ಬಸ್ಕಿಯನ್ನು ಕೇಳುವವರಿಲ್ಲ! ಕೂತು ಏಳುವಾಗ ತೊಡೆ, ಸೊಂಟ, ಹರಡು ಮೂರೂ ದುಡಿಯುತ್ತವೆ, ಕೈ ಎರಡೂ ಕಿವಿಯಲ್ಲಿ ಸಿಕ್ಕಿಕೊಂಡಿರೋದರಿಂದ ಊರಿಕೊಳ್ಳೋಕೂ ಆಗಲ್ಲ. ಸಮತೋಲನಕ್ಕೆ ಅಪ್ಪಟ ಕಸರತ್ತು. ಆದರೆ 70 ದಾಟಿದವರು, ಮಂಡಿ ಸವೆದವರು ಪೂರ್ತಿ ಬಸ್ಕಿಗೆ ಇಳಿಯಬೇಡಿ. ಗೋಡೆಗೆ ಒತ್ತಿಟ್ಟ ಗಟ್ಟಿ ಕುರ್ಚಿಯಲ್ಲಿ ಕೂತು, ಕೈ ಊರದೆ ಏಳೋದು, ನಿಧಾನವಾಗಿ ಕೂರೋದು. ಬಸ್ಕಿಯ ತಂಗಿ ಅಂದುಕೊಳ್ಳಿ.

ನಿಮ್ಮ ಮನೆಯ ಹಿರಿಯರ ಸಮತೋಲನ ಹೇಗಿದೆ ಅಂತ ಇವತ್ತೇ ನೋಡಬಹುದು. ಅಡುಗೆಕಟ್ಟೆ ಪಕ್ಕ ನಿಲ್ಲಿಸಿ, ನೀವು ಪಕ್ಕದಲ್ಲೇ ಇರಿ. ಮೊದಲು ಎರಡೂ ಪಾದ ಜೋಡಿಸಿ 10 ಸೆಕೆಂಡ್. ಆಮೇಲೆ ಒಂದು ಪಾದವನ್ನು ಅರ್ಧ ಮುಂದಿಟ್ಟು 10. ಆಮೇಲೆ ಒಂದರ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗುವಂತೆ ಒಂದೇ ಗೆರೆಯಲ್ಲಿ 10. ಕೊನೆಗೆ ಒಂಟಿ ಕಾಲು. ಮೂರನೆಯದರಲ್ಲಿ 10 ಸೆಕೆಂಡ್ ನಿಲ್ಲಲಾಗದಿದ್ದರೆ ಬೀಳುವ ಅಪಾಯ ಹೆಚ್ಚು. ಇನ್ನೊಂದು ಪರೀಕ್ಷೆ: ಕುರ್ಚಿಯಿಂದ ಎದ್ದು, ಮೂರು ಮೀಟರ್ ನಡೆದು, ತಿರುಗಿ ಬಂದು ಕೂರೋದು. 12 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಹಿಡಿದರೆ ಗಮನ ಕೊಡಬೇಕು. ಪ್ಯಾಂಟು ಹಾಕುವಾಗ ಗೋಡೆ ಹಿಡಿಯುತ್ತಾರಾ ಅಂತ ನೋಡಿದರೂ ಅರ್ಧ ಉತ್ತರ ಸಿಗುತ್ತೆ. ನಾನೂ ಮಾಡಿ ನೋಡಿದೆ. ಚಿಕ್ಕವಳಿದ್ದಾಗ ಕುಂಟೆಬಿಲ್ಲೆಯಲ್ಲಿ ಇಡೀ ಬೀದಿಯನ್ನು ಸೋಲಿಸಿದವಳು, ಈಗ ಕಣ್ಣು ಮುಚ್ಚಿ ಒಂಟಿ ಕಾಲಲ್ಲಿ ನಿಂತರೆ ನಾಲ್ಕು ಸೆಕೆಂಡಿಗೇ ಫ್ರಿಜ್ಜು ಹಿಡಿದೆ.

ಬೀಜಕ್ಕಾಗಲಿ ವ್ಯಾಯಾಮಕ್ಕಾಗಲಿ ಮುಂಚೆ ಡಾಕ್ಟರ ಹತ್ತಿರ ಬೀಳೋಕೆ ಬೇರೆ ಕಾರಣ ಇದೆಯಾ ಅಂತ ಕೇಳಲೇಬೇಕು. ಮಲಗಿದ್ದಾಗ ಒಮ್ಮೆ, ನಿಂತ ಮೂರು ನಿಮಿಷದೊಳಗೆ ಒಮ್ಮೆ ಬಿಪಿ ನೋಡಿಸಿ. ಮೇಲಿನ ಅಂಕಿ 20 ಇಳಿದರೆ ಮಾತ್ರೆಯ ಪ್ರಮಾಣ ನೋಡಬೇಕಾಗಬಹುದು. ಕಣ್ಣಿನ ಪೊರೆ, ವಿಟಮಿನ್ ಬಿ12 ಕೊರತೆ, ಪಾದದ ಸ್ಪರ್ಶ, ಇವನ್ನೂ ನೋಡಿಸಿ. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ ಕೋಣೆಯೇ ಗಿರ್ರನೆ ತಿರುಗಿದರೆ ಒಳಕಿವಿಯ ಆ ಸುಣ್ಣದ ಹರಳು ಜಾಗ ತಪ್ಪಿ ಕೊಳವೆಗೆ ಬಿದ್ದಿರಬಹುದು. ಅದಕ್ಕೆ ತಲೆಯನ್ನು ಒಂದು ಕ್ರಮದಲ್ಲಿ ತಿರುಗಿಸಿ ಹರಳನ್ನು ವಾಪಸ್ ಕಳಿಸುವ ಎಪ್ಲೀ ವಿಧಾನ ಇದೆ, ಕಿವಿ ಮೂಗು ಗಂಟಲು ಡಾಕ್ಟರು ಕೆಲವೇ ನಿಮಿಷದಲ್ಲಿ ಮಾಡುತ್ತಾರೆ. ಅಂಥವರು ತಿಂಗಳುಗಟ್ಟಲೆ ಬೀಜ ಒತ್ತಿಕೊಂಡು ಕೂರೋದು ದಂಡ.

ಸೂಜಿಯ ಬಗ್ಗೆ ಒಂದು ಮಾತು. ಕಿವಿಯ ಮೆದುಮೂಳೆಗೆ ಸ್ವಂತ ರಕ್ತನಾಳ ಇಲ್ಲ. ಅಲ್ಲಿ ಕೀವಾದರೆ ವಾಸಿಯಾಗೋದು ನಿಧಾನ, ಕಿವಿಯ ಆಕಾರವೇ ಕೆಡಬಹುದು. ಸಕ್ಕರೆ ಕಾಯಿಲೆ ಇರುವವರು, ರಕ್ತ ತೆಳು ಮಾಡುವ ಮಾತ್ರೆಯವರು ಸೂಜಿ ಬೇಡ ಅನ್ನೋದೇ ಒಳ್ಳೆಯದು. ಬೀಜ ಆದರೆ ತೊಂದರೆ ಕಡಿಮೆ, ಆದರೂ ಪ್ಲಾಸ್ಟರಿನ ಕೆಳಗೆ ಕೆಂಪಾದರೆ ಕಿತ್ತು ಬಿಸಾಕಿ. ದೊಡ್ಡಮ್ಮನಿಗೆ ಬೀಜ ಹಾಕಿದವರು "ಬಿಪಿ ಮಾತ್ರೆ ನಿಧಾನಕ್ಕೆ ಬಿಡಬಹುದು" ಅಂದಿದ್ದರಂತೆ. ಅದನ್ನು ಕೇಳಿ ನನಗೆ ಬಂದ ಕೋಪ ಅಷ್ಟಿಷ್ಟಲ್ಲ. ಬೀಜ ಹಾಕಿ, ಪರವಾಗಿಲ್ಲ. ಮಾತ್ರೆಯ ವಿಷಯ ಅವರಿಗೆ ಸೇರಿದ್ದಲ್ಲ.

ದೊಡ್ಡಮ್ಮ ಪುಣ್ಯಕ್ಕೆ ಮಾತ್ರೆ ಬಿಡಲಿಲ್ಲ. ಬೀಜದವರು ಆಮೇಲೆ ಅಂಗಡಿ ಎತ್ತಿಕೊಂಡು ಬೇರೆ ಊರಿಗೆ ಹೋದರು, ಹಾಗಾಗಿ ಸಂಕ್ರಾಂತಿ ಹೊತ್ತಿಗೆ ಕಿವಿ ಖಾಲಿ. ಕುರ್ಚಿ ಮಾತ್ರ ಅಡುಗೆಮನೆಯಲ್ಲೇ ಇದೆ. ಹಾಲು ಕಾಯೋಕಿಟ್ಟು, ಕಟ್ಟೆಯ ಮೇಲೆ ಎರಡು ಬೆರಳಿಟ್ಟು ಒಂಟಿ ಕಾಲಲ್ಲಿ ನಿಲ್ಲುತ್ತಾರೆ. ಈಚೆಗೆ ಫೋನ್ ಮಾಡಿದಾಗ "ಇರು, ಎಡಗಾಲು ಇನ್ನೂ ಬಾಕಿ ಇದೆ" ಅಂದರು. ಅಷ್ಟರಲ್ಲಿ ಹಾಲು ಉಕ್ಕಿದ ಸದ್ದು ನನಗೇ ಕೇಳಿಸಿತು.